ಆಫೀಸಿನ ನಡುವೆ ಮಗುವಿಗೂ ಹೊತ್ತು: ಮಾಡಿಕೊಳ್ಳುವುದು ಹೇಗೆ?

ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನ್, ಎಂಟೂವರೆಗೆ ಆಫೀಸ್ ಕ್ಯಾಬ್. ಸಂಜೆ ಮನೆ ಮುಟ್ಟುವಾಗ ಏಳು ಗಂಟೆ. ಒಂಬತ್ತಕ್ಕೆ ಮಗುವಿಗೆ ನಿದ್ದೆ. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳ ದಿನ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಈ ಊರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕಾಗಿತ್ತು. ರಸ್ತೆ ತಿಂದ ಹೊತ್ತು ವಾಪಸ್ ಬರುವುದಿಲ್ಲ. ಮಗುವಿಗೆ ಅಂತ ದಿನಾ ಬೇರೆ ಎರಡು ಗಂಟೆ ಹುಡುಕುತ್ತಾ ಕೂತರೆ ಅದೂ ಸಿಗುವುದಿಲ್ಲ. ಸಿಗಲಿಲ್ಲವಲ್ಲ ಎಂಬ ಕೊರಗು ಮಾತ್ರ ಉಳಿಯುತ್ತದೆ.

ಆದರೆ ಎಬ್ಬಿಸುವುದು, ಸ್ನಾನ, ಅಡುಗೆ, ಊಟ, ಮಲಗಿಸುವುದು ಯಾವ ಮನೆಯಲ್ಲೂ ತಪ್ಪುವುದಿಲ್ಲ. ಮಗುವಿನ ಜೊತೆ ಕಳೆಯುವ ಒಳ್ಳೆಯ ಹೊತ್ತು ಇವುಗಳ ಒಳಗೇ ಇದೆ. ಅಮೆರಿಕದ ಕೆಲವು ಸಮಾಜಶಾಸ್ತ್ರಜ್ಞರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 3ರಿಂದ 11 ವರ್ಷದ ಮಕ್ಕಳ ಜೊತೆ ತಾಯಿ ಎಷ್ಟು ಗಂಟೆ ಇದ್ದಳು ಎಂಬುದಕ್ಕೂ ಆ ಮಕ್ಕಳ ಓದು, ನಡವಳಿಕೆಗೂ ನೇರ ನಂಟು ಅವರಿಗೆ ಕಾಣಲಿಲ್ಲ. ಹಾಗಂತ ಹೊತ್ತೇ ಕೊಡಬೇಕಾಗಿಲ್ಲ ಅಂತಲ್ಲ. ಗಂಟೆ ಎಣಿಸಿಕೊಂಡು ಕಣ್ಣೀರು ಹಾಕುವುದು ಬೇಡ, ಅಷ್ಟೆ.

ಮೊದಲು ವಾರವನ್ನು ಹಾಳೆಯ ಮೇಲೆ ಬರೆಯಿರಿ

ಸೋಮವಾರದಿಂದ ಶುಕ್ರವಾರದವರೆಗೆ ಮಗು ಎದ್ದಿದ್ದು, ನೀವೂ ಮನೆಯಲ್ಲಿರುವ ಹೊತ್ತನ್ನು ಮಾತ್ರ ಗುರುತು ಹಾಕಿ. ಅಮ್ಮನದು ಒಂದು ಬಣ್ಣ, ಅಪ್ಪನದು ಇನ್ನೊಂದು. ಪಕ್ಕದಲ್ಲಿ ಆ ಹೊತ್ತಿನಲ್ಲಿ ಇನ್ನೇನು ನಡೆಯುತ್ತಿರುತ್ತದೆ ಅಂತಲೂ ಬರೆಯಿರಿ: ಕುಕ್ಕರ್, ಟೀವಿ ನ್ಯೂಸ್, ಆಫೀಸ್ ಕಾಲ್, ಸುಮ್ನೆ ಫೋನ್ ತಿಕ್ಕುವುದು. ಹೊತ್ತು ಎಲ್ಲಿ ಸೋರುತ್ತಿದೆ ಅಂತ ಆಗ ಕಣ್ಣಿಗೆ ಕಾಣುತ್ತದೆ.

ಬರೆಯುವಾಗ ಮಗುವಿನ ನಿದ್ದೆಗೆ ಕೈ ಹಾಕಬೇಡಿ. 3–4 ವರ್ಷದ ಮಕ್ಕಳಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಬೆಳಿಗ್ಗೆ ಆರೂವರೆಗೆ ಏಳಬೇಕಾದ ಮಗು ಒಂಬತ್ತಕ್ಕೆ ಮಲಗಿರಬೇಕು. ಅಪ್ಪ ಬರುವುದು ಒಂಬತ್ತೂವರೆಗೆ ಎಂದು ಮಗುವನ್ನು ಎಚ್ಚರವಾಗಿ ಇಟ್ಟುಕೊಳ್ಳುವ ಮನೆಗಳಿವೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ಮರುದಿನ ಬೆಳಿಗ್ಗೆ ಮನೆಯೆಲ್ಲ ರಣರಂಗ. ತಡವಾಗಿ ಬರುವವರು ಬೆಳಗಿನ ಹೊತ್ತನ್ನು ತಮ್ಮದು ಮಾಡಿಕೊಳ್ಳಲಿ. ಎಬ್ಬಿಸುವುದು, ಸ್ನಾನ, ತಿಂಡಿ, ವ್ಯಾನ್ ಹತ್ತಿಸುವುದು, ಎಲ್ಲ ಅವರದೇ.

ಬೆಳಿಗ್ಗೆ ಹೇಳದೆ ಹೋಗಬೇಡಿ

ಮಗು ಅಳುತ್ತದೆ ಅಂತ ಅದು ಆಟದಲ್ಲಿದ್ದಾಗ ಹಿಂಬಾಗಿಲಿನಿಂದ ಹೋಗಿಬಿಡುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಅಜ್ಜಿಯರೂ ಅದನ್ನೇ ಹೇಳಿಕೊಡುತ್ತಾರೆ. ಆ ಹೊತ್ತಿಗೆ ಅಳು ತಪ್ಪುತ್ತದೆ. ಆದರೆ ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಎಂದು ತಿಳಿದ ಮಗು ಮನೆಯಲ್ಲಿದ್ದಾಗಲೂ ಸೆರಗು ಬಿಡುವುದಿಲ್ಲ. ಬಾಗಿಲಲ್ಲಿ ಕೂತು, ಕಣ್ಣಿಗೆ ಕಣ್ಣು ಕೊಟ್ಟು, "ಹೋಗಿ ಬರ್ತೀನಿ ಪುಟ್ಟಾ, ನೀನು ಸಂಜೆ ಹಾಲು ಕುಡಿದು ಆಟ ಆಡಿದ ಮೇಲೆ ಬರ್ತೀನಿ" ಎಂದು ಹೇಳಿ. ಏಳು ಗಂಟೆ ಅಂದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಹಾಲು, ಆಟ ಗೊತ್ತು. ತಡವಾಗುವ ದಿನ ಫೋನ್ ಮಾಡಿ ಮಗುವಿಗೇ ಹೇಳಿ.

ಮನೆಗೆ ಬಂದ ಮೊದಲ ಇಪ್ಪತ್ತು ನಿಮಿಷ

ಇಡೀ ದಿನದಲ್ಲಿ ಒಂದನ್ನೇ ಉಳಿಸಿಕೊಳ್ಳಲು ಸಾಧ್ಯ ಎಂದಾದರೆ ಇದನ್ನು ಉಳಿಸಿಕೊಳ್ಳಿ.

"ನೀವಿಲ್ಲದಾಗ ಚೆನ್ನಾಗೇ ಇದ್ದ, ನೀವು ಬಂದ್ರಿ ನೋಡಿ, ಹಠ ಶುರು." ಮಗು ನೋಡಿಕೊಳ್ಳುವ ಆಂಟಿಯಿಂದ ಈ ಮಾತು ಕೇಳದ ತಾಯಿ ಇಲ್ಲ. ಕೇಳಿದಾಗ ಎದೆಗೆ ಚುಚ್ಚುತ್ತದೆ. ಆದರೆ ಅದು ನಿಮ್ಮ ಮೇಲಿನ ದೂರು ಅಲ್ಲ. ಮಗು ದಿನವಿಡೀ ಬೇರೆಯವರ ಮುಂದೆ ತಡೆದುಕೊಂಡ ಸಿಟ್ಟು, ಸುಸ್ತು, ಬೇಸರವನ್ನು ಅತಿ ಹೆಚ್ಚು ನಂಬುವವರ ಮುಂದೆ ಹೊರಗೆ ಹಾಕುತ್ತದೆ. ಆ ಹೊತ್ತಿನಲ್ಲಿ ನೀವು ನೇರ ಅಡುಗೆಮನೆಗೆ ಹೋದರೆ ಅಳು ರಾತ್ರಿಯವರೆಗೆ ಎಳೆಯುತ್ತದೆ.

ಹೀಗೆ ಮಾಡಿ ನೋಡಿ. ಆಫೀಸಿನ ಕೊನೆಯ ಮೆಸೇಜ್, ಕೊನೆಯ ಕಾಲ್ ಏನೇ ಇದ್ದರೂ ಮೆಟ್ಟಿಲು ಹತ್ತುವ ಮೊದಲೇ ಮುಗಿಸಿ. ಗಾಡಿ ಸ್ಟ್ಯಾಂಡ್ ಹಾಕಿ ಐದು ನಿಮಿಷ ಅಲ್ಲೇ ನಿಂತರೂ ಪರವಾಗಿಲ್ಲ. ಒಳಗೆ ಬಂದು ಕೈಕಾಲು ತೊಳೆದು ನೆಲದ ಮೇಲೆ ಕೂತುಕೊಳ್ಳಿ. ಫೋನ್ ಬ್ಯಾಗಿನಲ್ಲೇ ಇರಲಿ. ಏನು ಆಡಬೇಕು ಎಂದು ಮಗು ಹೇಳಲಿ, ನೀವು ಅದರ ಹಿಂದೆ ಹೋಗಿ. ಕಲಿಸಲು ಹೋಗಬೇಡಿ. ಎಬಿಸಿಡಿ, ಕಾಗುಣಿತ ಎಲ್ಲ ಆಮೇಲೆ.

ಮಾತಾಡಿಸುವಾಗ "ಸ್ಕೂಲಲ್ಲಿ ಏನು ಮಾಡಿದೆ?" ಅಂದರೆ "ಏನೂ ಇಲ್ಲ" ಅಂತಲೇ ಉತ್ತರ. "ಡಬ್ಬಿಯಲ್ಲಿ ಯಾವುದು ಮೊದಲು ಖಾಲಿ ಆಯ್ತು?", "ಇವತ್ತು ಯಾರು ಅತ್ತರು?" ಎಂದು ಕೇಳಿ. ಇಂಥ ಪ್ರಶ್ನೆಗೆ ಕಥೆಯೇ ಹೊರಗೆ ಬರುತ್ತದೆ. ಮಗು ಒಂದು ಹೇಳುತ್ತದೆ, ನೀವು ಅದಕ್ಕೆ ಒಂದು ಮಾತು ಸೇರಿಸುತ್ತೀರಿ, ಅದು ತಿರುಗಿ ಇನ್ನೊಂದು ಹೇಳುತ್ತದೆ. ಎಳೆಯ ಮಕ್ಕಳ ಮಾತೂ ಮಿದುಳೂ ಬೆಳೆಯುವುದು ಈ ಕೊಟ್ಟು ತೆಗೆದುಕೊಳ್ಳುವ ಆಟದಿಂದಲೇ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರ ಬಹಳ ವರ್ಷಗಳಿಂದ ಹೇಳುತ್ತಿದೆ.

ಆಮೇಲೆ ಮಗುವನ್ನೂ ಅಡುಗೆಮನೆಗೆ ಕರೆಯಿರಿ

ಇಪ್ಪತ್ತು ನಿಮಿಷ ಕಳೆದ ಮೇಲೆ ಅಡುಗೆ ಆಗಲೇಬೇಕಲ್ಲ. ಸಾಮಾನ್ಯವಾಗಿ ಆಗ ಮಗುವಿನ ಕೈಗೆ ಫೋನ್ ಹೋಗುತ್ತದೆ. 2 ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಫೋನಿನ ಬದಲು ಕೈಗೆ ಕೆಲಸ ಕೊಡಿ.

ಚಳಿಗಾಲದಲ್ಲಿ ಅವರೆಕಾಯಿ ಬಂತೆಂದರೆ ಇದಕ್ಕೆ ಹಬ್ಬ. ಸುಲಿದ ಕಾಳನ್ನು ಬೆಳಿಗ್ಗೆ ನೀರಿಗೆ ಹಾಕಿ ಹೋಗಿ. ಸಂಜೆ ಬೋಗುಣಿಯನ್ನು ನೆಲದ ಮೇಲಿಟ್ಟು ಇಬ್ಬರೂ ಎದುರುಬದುರು ಕೂತುಕೊಳ್ಳಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಹಿತಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ನಾಲ್ಕು ವರ್ಷದ ಮಗು ಹಿತಕಿದ ಮೊದಲ ಬೇಳೆ ಬೋಗುಣಿಗೆ ಬೀಳುವುದಿಲ್ಲ, ಸೋಫಾ ಕೆಳಗೆ ಹೋಗುತ್ತದೆ. ಎರಡನೆಯದು ನಿಮ್ಮ ಮಡಿಲಿಗೆ. ಅದು ಕೇಕೆ ಹಾಕಿ ನಗುತ್ತದೆ, ಇನ್ನೊಂದು ಕಾಳಿಗೆ ಕೈ ಹಾಕುತ್ತದೆ. ಸಾರಿಗೆ ಬೇಳೆಯೂ ಆಯ್ತು, ಮಗುವಿನ ಜೊತೆ ಅರ್ಧ ಗಂಟೆ ಮಾತೂ ಆಯ್ತು. ಮೂರು ವರ್ಷದೊಳಗಿನವರಿಗೆ ಮಾತ್ರ ಕಾಳು ಕೊಡಬೇಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವರು ಕೊತ್ತಂಬರಿ ಸೊಪ್ಪು ಬಿಡಿಸಲಿ, ಚಪಾತಿ ಹಿಟ್ಟಿನ ಉಂಡೆ ತಟ್ಟಲಿ, ಒಗೆದ ಸಾಕ್ಸ್ ಜೋಡಿಸಲಿ.

ಕೆಲಸ ನಿಧಾನವಾಗುತ್ತದೆ, ಮನೆ ಗಲೀಜಾಗುತ್ತದೆ. ಆಗಲಿ ಬಿಡಿ. ಅಂಥ ದಿನಗಳಲ್ಲಿ ಪಲ್ಯ ಇಲ್ಲದಿದ್ದರೂ ನಡೆಯುತ್ತದೆ.

ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿ

ಐಟಿಯವರ ಕಷ್ಟವೇ ಬೇರೆ. ಅಮೆರಿಕದಲ್ಲಿ ಬೆಳಗಾಗುವಾಗ ಇಲ್ಲಿ ಸಂಜೆ. ಕ್ಲೈಂಟ್ ಕಾಲ್ ಸರಿಯಾಗಿ ಮಗುವಿನ ಊಟದ ಹೊತ್ತಿಗೇ ಬೀಳುತ್ತದೆ. ಮ್ಯಾನೇಜರ್ ಹತ್ತಿರ "ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದರೆ ಪ್ರಯೋಜನವಿಲ್ಲ. "ಏಳೂವರೆಯಿಂದ ಒಂಬತ್ತರವರೆಗೆ ನಾನು ಸಿಗುವುದಿಲ್ಲ, ಒಂಬತ್ತೂಕಾಲಿಗೆ ಮತ್ತೆ ಲಾಗಿನ್ ಆಗುತ್ತೇನೆ" ಎಂದು ಸ್ಪಷ್ಟವಾಗಿ ಹೇಳಿ, ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು ಮುಚ್ಚಿಬಿಡಿ. ವಾರಕ್ಕೆ ಐದು ದಿನ ಸಿಗದಿದ್ದರೆ ಮೂರು ದಿನ ಕೇಳಿ.

ಗಾರ್ಮೆಂಟ್ಸ್‌ನಲ್ಲಿ, ಅಂಗಡಿಯಲ್ಲಿ ದುಡಿಯುವವರಿಗೆ ಹೀಗೆ ಕೇಳುವ ಅನುಕೂಲ ಇರುವುದಿಲ್ಲ. ಅವರ ಬೆನ್ನಿಗೆ ಕಾನೂನು ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಬಂತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂಬ ನಿಯಮವೂ ಬಂತು. ನಿಮ್ಮ ಕಡೆ ಇಲ್ಲದಿದ್ದರೆ ಒಬ್ಬರೇ ಕೇಳಬೇಡಿ, ನಾಲ್ಕೈದು ತಾಯಂದಿರು ಸೇರಿ ಎಚ್‌ಆರ್‌ಗೆ ಬರೆದು ಕೊಡಿ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ತಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ವಿಚಾರಿಸಿ.

ಅಪ್ಪನಿಗೆ ಪೂರ್ತಿ ಕೆಲಸ ಕೊಡಿ

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41ರಷ್ಟು ಜನ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಗಂಡಸರಲ್ಲಿ ಅದು ಶೇ 21.4. ಹೀಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸರು 74. ಈ ಲೆಕ್ಕ ಬದಲಾಗದೆ ಮೇಲೆ ಹೇಳಿದ ಯಾವುದೂ ಹೆಚ್ಚು ದಿನ ನಡೆಯುವುದಿಲ್ಲ. ಸುಸ್ತಾಗಿ ಸಿಡುಕುವ ಅಮ್ಮನ ಎರಡು ಗಂಟೆಯಿಂದ ಮಗುವಿಗೂ ಸುಖವಿಲ್ಲ.

ಅರ್ಧಂಬರ್ಧ ಕೆಲಸ ಹಂಚಿದರೆ ನೆನಪಿಡುವ ಭಾರ ಅಮ್ಮನ ತಲೆಯಲ್ಲೇ ಉಳಿಯುತ್ತದೆ. ಬೆಳಗಿನ ಹೊಣೆ ಅಪ್ಪನದಾದರೆ ಹಿಂದಿನ ರಾತ್ರಿ ಯೂನಿಫಾರ್ಮ್ ತೆಗೆದಿಡುವುದು, ನೀರಿನ ಬಾಟಲಿ, ಡೈರಿಗೆ ಸಹಿ, ನಾಳೆ ಹಳದಿ ಬಟ್ಟೆ ದಿನವಾ ಅಂತ ನೋಡುವುದು ಎಲ್ಲವೂ ಅವರದೇ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅವರ ನಂಬರೂ ಇರಲಿ. ಮೊದಲ ವಾರ ಬಾಟಲಿ ಮರೆತು ಹೋಗಬಹುದು. ನಡುವೆ ಹೋಗಿ ಸರಿಮಾಡಬೇಡಿ, ಅವರೇ ಕಲಿಯುತ್ತಾರೆ.

ಭಾನುವಾರ ರಾತ್ರಿ ಹತ್ತು ನಿಮಿಷ

ರಜೆಯ ದಿನ ಮಾಲ್‌ಗೆ ಹೋಗಿ ಆಟಿಕೆ ಕೊಡಿಸಿದರೆ ವಾರದ ಸಾಲ ತೀರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಮಕ್ಕಳಿಗೆ ಲಾಲ್‌ಬಾಗಿನ ಬಂಡೆ ಹತ್ತಿ ಇಳಿಯುವುದೇ ಸಾಕು, ಸಂತೆಗೆ ಕೈಚೀಲ ಹಿಡಿದು ಬರುವುದೇ ಸಾಕು.

ಮಗು ಮಲಗಿದ ಮೇಲೆ ಗಂಡ ಹೆಂಡತಿ ಕೂತು ಮುಂದಿನ ವಾರ ನೋಡಿಕೊಳ್ಳಿ. ಯಾರ ಮೀಟಿಂಗ್ ಯಾವತ್ತು, ಯಾವ ಸಂಜೆ ಯಾರು ಬೇಗ ಬರುತ್ತಾರೆ, ಅಜ್ಜಿ ಊರಿಗೆ ಹೋಗುತ್ತಾರಾ. ಮಗುವಿಗೆ ಜ್ವರ ಬಂದರೆ ಮೊದಲ ದಿನ ಯಾರ ರಜೆ, ಎರಡನೇ ದಿನ ಯಾರದು ಎಂದು ಈಗಲೇ ಮಾತಾಡಿಕೊಳ್ಳಿ. ಜ್ವರ ಬಂದ ಬೆಳಿಗ್ಗೆ ಏಳು ಗಂಟೆಗೆ ಆ ಮಾತು ಜಗಳವಾಗುತ್ತದೆ. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ ಶಿಶುಪಾಲನಾ ರಜೆ ಸಿಗುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಾಯಂದಿರಿಗೆ, ಒಂಟಿ ತಂದೆಯರಿಗೆ ಇಡೀ ಸೇವೆಯಲ್ಲಿ 730 ದಿನದವರೆಗೆ ಇದೆ. ಖಾಸಗಿ ಕೆಲಸದವರು ತಮ್ಮ ಕಂಪನಿಯ ರಜೆ ನಿಯಮವನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ. ಮಾತಾಡಿದ್ದನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು, ಮಗು ನೋಡಿಕೊಳ್ಳುವವರಿಗೂ ಸೋಮವಾರ ಬೆಳಿಗ್ಗೆ ತಿಳಿಸಿ.