ಊರ ನಾಟಕಕ್ಕೆ ಮೈಕ್ ಕಟ್ಟುವ ಕ್ರಮ

ತುಮಕೂರು ಸೀಮೆಯ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿ ಪದ್ಯ ಹಾಡುತ್ತಾನೆ, ಅದರ ಬೆನ್ನಿಗೇ ಮಾತಾಡುತ್ತಾನೆ, ಗದೆ ಹೊತ್ತು ವೇದಿಕೆ ತುಂಬ ಓಡಾಡುತ್ತಾನೆ. ಭಾಷಣಕ್ಕೆ ಕಟ್ಟುವ ಮೈಕ್ ಸೆಟ್ ಇದಕ್ಕೆ ಸಾಲದು.

ಮೊದಲು ಸ್ಪೀಕರ್ ಇಡುವ ಜಾಗ ಗೊತ್ತುಮಾಡಿ. ಎರಡೂ ಬಾಕ್ಸ್ ವೇದಿಕೆಯ ಅಂಚಿಗಿಂತ ನಾಲ್ಕೈದು ಅಡಿ ಮುಂದೆ, ಎಡಕ್ಕೊಂದು ಬಲಕ್ಕೊಂದು, ಕೂತವರ ತಲೆಗಿಂತ ಎತ್ತರದಲ್ಲಿರಲಿ. ಸ್ಪೀಕರ್ ಮೈಕಿಗಿಂತ ಹಿಂದೆ, ವೇದಿಕೆಯ ಒಳಭಾಗದಲ್ಲಿ ಬಿದ್ದರೆ ಅದರ ದನಿಯನ್ನೇ ಮೈಕ್ ಮತ್ತೆ ಹಿಡಿಯುತ್ತದೆ. ಕುಂಯ್ ಎಂದು ಕೂಗುವುದು ಇದರಿಂದಲೇ. ಜಾಗ ತಪ್ಪಿದ ಸ್ಪೀಕರನ್ನು ಮಿಕ್ಸರಿನ (ಎಲ್ಲ ಮೈಕುಗಳ ದನಿ ಕೂಡಿಸಿ ಏರಿಳಿಸುವ ಪೆಟ್ಟಿಗೆ) ಗುಂಡಿ ತಿರುಗಿಸಿ ಸರಿಪಡಿಸಲಾಗದು.

ಇಪ್ಪತ್ತೈದು ಅಡಿಯ ವೇದಿಕೆಗೆ ಮುಂಭಾಗದಲ್ಲಿ ಮೂರು ಮೈಕ್ ತೂಗುಬಿಟ್ಟರೆ ಸಾಕು. ಕಿರೀಟ ತಾಗದಷ್ಟು ಮೇಲೆ ಕಟ್ಟಿ, ನಟರ ಬಾಯಿಯತ್ತ ವಾಲಿಸಿ. ಐದಾರು ಕಟ್ಟಿದರೆ ಇನ್ನೂ ಚೆನ್ನಾಗಿ ಕೇಳುತ್ತದೆಂಬ ನಂಬಿಕೆ ತಪ್ಪು. ತೆರೆದ ಮೈಕುಗಳು ದುಪ್ಪಟ್ಟಾದಾಗಲೆಲ್ಲ, ಕೂಗು ಹುಟ್ಟದಂತೆ ಏರಿಸಬಹುದಾದ ದನಿ 3 ಡೆಸಿಬೆಲ್ ಇಳಿಯುತ್ತದೆ. ಬಾಯಿಗೂ ಮೈಕಿಗೂ ಎರಡೂವರೆ ಅಡಿ ಇದ್ದರೆ ಮೈಕುಗಳ ನಡುವೆ ಅದರ ಮೂರು ಪಟ್ಟು, ಅಂದರೆ ಏಳೂವರೆ ಅಡಿಯಾದರೂ ಬೇಕು. ಹತ್ತಿರವಾದರೆ ಒಂದೇ ಮಾತು ಎರಡು ಮೈಕನ್ನು ಹಿಂದೆಮುಂದೆ ಮುಟ್ಟಿ ದನಿ ಪೊಳ್ಳಾಗುತ್ತದೆ. ಹಲಗೆ ವೇದಿಕೆಯಾದರೆ ಹೆಜ್ಜೆಯ ಧಡಧಡ ಮಾತನ್ನು ನುಂಗುತ್ತದೆ. ಮಿಕ್ಸರಿನಲ್ಲಿ ಈ ಮೂರೂ ಮೈಕಿನ ಚಾನೆಲ್ಲುಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ದನಿಯನ್ನು ಕತ್ತರಿಸಿ. ಕಂಡೆನ್ಸರ್ ಮೈಕ್ ಕೆಲಸ ಮಾಡದಿದ್ದರೆ ವೈರ್ ಬಿಚ್ಚುವ ಮುನ್ನ ಮಿಕ್ಸರಿನಿಂದ ಆ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಸ್ವಿಚ್ ನೋಡಿ.

ಹಾರ್ಮೋನಿಯಂಗೆ ಒಂದಡಿ ದೂರದಲ್ಲಿ ಒಂದು ಮೈಕ್, ತಬಲಕ್ಕೆ ಗಿಡ್ಡ ಸ್ಟ್ಯಾಂಡಿನಲ್ಲಿ ಇನ್ನೊಂದು. ವೇದಿಕೆಯತ್ತ ಮುಖಮಾಡಿದ ಸಣ್ಣ ಮಾನಿಟರ್, ಅಂದರೆ ನಟರಿಗೆ ಕೇಳಿಸುವ ಸ್ಪೀಕರ್, ಅಗತ್ಯ. ಮೇಷ್ಟ್ರ ಹಾರ್ಮೋನಿಯಂ ಕಿವಿಗೆ ಬೀಳದಿದ್ದರೆ ಎಂಥ ಪಳಗಿದ ನಟನೂ ಶ್ರುತಿ ಬಿಡುತ್ತಾನೆ, ಆಮೇಲೆ ಬೈಗುಳ ತಿನ್ನುವವನೂ ಅವನೇ. ಆ ಮಾನಿಟರಿಗೆ ಹಾರ್ಮೋನಿಯಂ ಮಾತ್ರ ಕೊಡಿ. ತೂಗುಮೈಕಿನ ದನಿ ಅದರಲ್ಲಿ ಬಂದರೆ ಮತ್ತೆ ಕೂಗು.

ಮೈಕ್ ವೈರನ್ನು ಲೈಟಿನ ಬೆಳಕು ಏರಿಳಿಸುವ ಡಿಮ್ಮರ್ ವೈರಿನ ಜೊತೆ ಒಂದೇ ಕಟ್ಟಾಗಿ ಎಳೆಯಬೇಡಿ, ಗುಂಯ್‌ಗುಡುತ್ತದೆ. ದಾಟಿಸಲೇಬೇಕಾದರೆ ಅಡ್ಡಡ್ಡ ದಾಟಿಸಿ. ಮಿಕ್ಸರ್, ಆಂಪ್ಲಿಫೈಯರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ ಕೀಳುವವರಿದ್ದಾರೆ. ಜೀವಕ್ಕೇ ಅಪಾಯ, ಯಾವ ಕಾರಣಕ್ಕೂ ಬೇಡ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಮೊದಲೇ ಪಡೆಯಿರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಅದಕ್ಕೆ ನಿರ್ಬಂಧವಿದೆ. ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಇಲ್ಲದಿದ್ದರೆ ಢಬ್ಬೆಂಬ ಹೊಡೆತಕ್ಕೆ ಸ್ಪೀಕರಿನ ಕಾಯಿಲ್ ಹೋದೀತು.