ಐದು ಗಂಟೆಯ ಮೂತ್ರ ಹಿಡಿದು ಮಗುವಿನ ಕರುಳು ಪರೀಕ್ಷಿಸುವುದು ಹೇಗೆ?

ಮಗು ಊಟ ಮಾಡುತ್ತದೆ, ಆದರೂ ತೂಕ ಏರುವುದಿಲ್ಲ. ಸಣ್ಣ ಕರುಳಿನ ಒಳಪದರ ಹಾಳಾಗಿರಬಹುದಾ ಎಂಬ ಸಂಶಯಕ್ಕೆ ಸೂಜಿ ಚುಚ್ಚದೆ ಸುಳಿವು ಪಡೆಯುವ ದಾರಿಯೊಂದಿದೆ. ಎರಡು ಬಗೆಯ ಸಕ್ಕರೆ ಕರಗಿಸಿದ ನೀರು ಕುಡಿಸಿ, ಮೂತ್ರದಲ್ಲಿ ಯಾವುದು ಎಷ್ಟು ಬಂತು ಎಂದು ಅಳೆಯುವುದು. ಇದೇ ಲ್ಯಾಕ್ಟುಲೋಸ್-ಮ್ಯಾನಿಟಾಲ್ ಪರೀಕ್ಷೆ.

ಇದು ದಿನನಿತ್ಯದ ಲ್ಯಾಬ್ ಪರೀಕ್ಷೆ ಅಲ್ಲ, ಹೆಚ್ಚಾಗಿ ಸಂಶೋಧನೆಯಲ್ಲಿ ಬಳಕೆಯಾಗುತ್ತದೆ. ಗ್ಯಾಂಬಿಯಾದ ಹಳ್ಳಿ ಮಕ್ಕಳ ಬೆಳವಣಿಗೆ ಕುಂಠಿತವಾಗುವುದಕ್ಕೂ ಕರುಳಿಗೂ ಇರುವ ನಂಟನ್ನು 1991ರಲ್ಲಿ ತೋರಿಸಿದ್ದು ಇದೇ ಪರೀಕ್ಷೆ. ಮುಂದೆ ಅಪೌಷ್ಟಿಕತೆ, ಕರುಳಿನ ಸೋಂಕುಗಳ ಬಗ್ಗೆ ಎಂಟು ದೇಶಗಳ ಮಕ್ಕಳನ್ನು ಗಮನಿಸಿದ ಮಾಲ್-ಎಡ್ ಅಧ್ಯಯನದಲ್ಲಿ ನಮ್ಮ ಪಕ್ಕದ ವೆಲ್ಲೂರೂ ಇತ್ತು. ಕೆಳಗಿನ ಪ್ರಮಾಣಗಳು ಆ ಅಧ್ಯಯನದ ಕ್ರಮದವು.

ಎರಡು ಸಕ್ಕರೆ ಯಾಕೆ?

ಲ್ಯಾಕ್ಟುಲೋಸ್ ದೊಡ್ಡ ಅಣು. ಮಲಬದ್ಧತೆಗೆ ಕೊಡುವ ಸಿರಪ್‌ನಲ್ಲಿ ಇರುವುದೂ ಇದೇ. ಇದನ್ನು ಒಡೆಯುವ ಕಿಣ್ವ ನಮ್ಮ ಕರುಳಲ್ಲಿಲ್ಲ. ಜೀವಕೋಶಗಳ ನಡುವಿನ ಬೆಸುಗೆ ಸಡಿಲವಾದರೆ ಮಾತ್ರ ಇದು ಜಾಸ್ತಿ ಒಳಗೆ ನುಸುಳುತ್ತದೆ. ಮ್ಯಾನಿಟಾಲ್ ಚಿಕ್ಕ ಅಣು, ಆರೋಗ್ಯವಂತ ಕರುಳಲ್ಲೂ ಸುಲಭವಾಗಿ ದಾಟುತ್ತದೆ. ಅದು ಎಷ್ಟು ದಾಟಿತು ಎಂಬುದು ಹೀರುವ ಜಾಗ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ರಕ್ತಕ್ಕೆ ಸೇರಿದ ಎರಡನ್ನೂ ಕಿಡ್ನಿ ಬಹುಪಾಲು ಹಾಗೆಯೇ ಹೊರಹಾಕುತ್ತದೆ.

ಒಂದೇ ಸಕ್ಕರೆ ಕೊಟ್ಟರೆ ಸಾಲದು. ಮಗು ಒಂದು ಗುಟುಕು ಉಗಿದರೆ, ಹೊಟ್ಟೆ ನಿಧಾನವಾಗಿ ಖಾಲಿಯಾದರೆ ಲೆಕ್ಕ ಏರುಪೇರಾಗುತ್ತದೆ. ಎರಡಿದ್ದರೆ ಆ ಏರುಪೇರು ಎರಡಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ತಟ್ಟುತ್ತದೆ. ಎರಡರ ನಡುವಿನ ಅನುಪಾತ ಅಷ್ಟಾಗಿ ಕದಲುವುದಿಲ್ಲ.

ಕುಡಿಸುವ ಮುಂಚೆ

ಗ್ಯಾಲಕ್ಟೋಸೀಮಿಯಾ (ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ದೇಹ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಇರುವ ಮಗುವಿಗೆ ಈ ಪರೀಕ್ಷೆ ಬೇಡ. ಲ್ಯಾಕ್ಟುಲೋಸ್‌ನಲ್ಲಿ ಗ್ಯಾಲಕ್ಟೋಸ್ ಇದೆ. ಭೇದಿ ಆಗುತ್ತಿದ್ದರೆ ದಿನ ಮುಂದಕ್ಕೆ ಹಾಕಿ. ಇತ್ತೀಚೆಗೆ ರಕ್ತ ಕೊಡಿಸಿದ್ದರೆ ಮರೆಯದೆ ಹೇಳಿ, ಏಕೆಂದರೆ ಕೆಂಪು ರಕ್ತಕಣ ಕೆಡದಂತೆ ಇಡುವ ಕೆಲವು ದ್ರಾವಣಗಳಲ್ಲಿ ಮ್ಯಾನಿಟಾಲ್ ಇರುತ್ತದೆ. ಕೆಲವು ತಿನಿಸುಗಳಲ್ಲೂ ಇದೆ. ಹಾಗಾಗಿಯೇ ಕುಡಿಸುವ ಮೊದಲು ಒಂದು ಸಲ ಮೂತ್ರ ಹಿಡಿದು ಬೇರೆ ಇಡುವುದು ಒಳ್ಳೆಯದು. ಎಷ್ಟು ಹೊತ್ತು ಹಸಿದಿರಬೇಕು, ಎದೆಹಾಲು ಕೊಡಬಹುದೇ ಎಂಬುದನ್ನು ಪರೀಕ್ಷೆ ಮಾಡುವವರನ್ನೇ ಕೇಳಿ.

ಮಗುವನ್ನು ಅಂದೇ ತೂಗಬೇಕು, ಹಳೆಯ ಕಾರ್ಡಿನ ತೂಕ ನಡೆಯುವುದಿಲ್ಲ. ಪ್ರತಿ ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಲ್ಯಾಕ್ಟುಲೋಸ್, 50 ಮಿಲಿಗ್ರಾಂ ಮ್ಯಾನಿಟಾಲ್ ಇರುವ ದ್ರಾವಣವನ್ನು ಕಿಲೋ ತೂಕಕ್ಕೆ 2 ಮಿಲಿಲೀಟರಿನಂತೆ ಕುಡಿಸುತ್ತಾರೆ. 20 ಮಿಲಿಲೀಟರಿಗಿಂತ ಜಾಸ್ತಿ ಇಲ್ಲ. ಕುಡಿದ ಸಮಯ ಬರೆದುಕೊಳ್ಳಿ. ವಾಂತಿ ಮಾಡಿಕೊಂಡರೆ ತಕ್ಷಣ ತಿಳಿಸಿ. ಸ್ವಲ್ಪ ಗ್ಯಾಸ್ ಆಗಬಹುದು, ಒಮ್ಮೆ ತೆಳ್ಳಗೆ ಕಕ್ಕಸು ಆಗಬಹುದು.

ಆ ಐದು ಗಂಟೆ

ಪರೀಕ್ಷೆ ಗೆಲ್ಲುವುದೋ ಕೆಡುವುದೋ ಇಲ್ಲಿ, ಮೆಷಿನ್ ಮುಂದೆ ಅಲ್ಲ. ಐದು ಗಂಟೆಯೊಳಗಿನ ಪ್ರತಿ ಉಚ್ಚೆಯೂ ಬೇಕು. ಪುಟ್ಟ ಮಕ್ಕಳಿಗೆ ಅಂಟಿಸುವ ಮೂತ್ರದ ಚೀಲ ಹಾಕುತ್ತಾರೆ. ಚರ್ಮ ತೊಳೆದು, ಪೂರ್ತಿ ಒರೆಸಿ ಅಂಟಿಸಬೇಕು. ಎಣ್ಣೆ, ಪೌಡರ್ ಇದ್ದರೆ ಚೀಲ ನಿಲ್ಲುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋಡಿ, ತುಂಬಿದ ಕೂಡಲೇ ಬಾಟಲಿಗೆ ಸುರಿಯಬೇಕು. ಕಕ್ಕಸು ಬೆರೆತರೆ ಆ ಮೂತ್ರ ಉಪಯೋಗಕ್ಕಿಲ್ಲ: ಹೀರದೆ ಉಳಿದ ಲ್ಯಾಕ್ಟುಲೋಸ್ ಅದರಲ್ಲಿರಬಹುದು.

ಎಲ್ಲಾ ಮೂತ್ರ ಒಂದೇ ಬಾಟಲಿಯಲ್ಲಿ ಬೆರೆತ ಮೇಲೆ ಸ್ವಲ್ಪ ಚೆಲ್ಲಿದರೆ ಅನುಪಾತಕ್ಕೆ ಧಕ್ಕೆ ಇಲ್ಲ, ಒಟ್ಟು ಪ್ರಮಾಣದ ಲೆಕ್ಕ ಮಾತ್ರ ತಪ್ಪುತ್ತದೆ. ಆದರೆ ಒಂದು ಸಲದ ಉಚ್ಚೆ ಇಡೀ ಬಟ್ಟೆಗೆ ಹೋದರೆ ಅನುಪಾತವೇ ಓರೆಯಾಗಬಹುದು. ಎರಡು ಸಕ್ಕರೆಗಳೂ ಹೊರಬರುವ ವೇಗ ಒಂದೇ ಅಲ್ಲ. ದಯವಿಟ್ಟು ಬಚ್ಚಿಡಬೇಡಿ. ಯಾರೂ ಬೈಯಬಾರದು ಕೂಡ, ಐದು ಗಂಟೆ ಮಗುವನ್ನು ಸಂಭಾಳಿಸುವುದು ಸುಮ್ನೆ ಮಾತಲ್ಲ.

ಬ್ಯಾಕ್ಟೀರಿಯಾ ಸಕ್ಕರೆ ತಿಂದುಬಿಡದಂತೆ ಮೂತ್ರಕ್ಕೆ ಕ್ಲೋರ್‌ಹೆಕ್ಸಿಡಿನ್ ಸೇರಿಸುತ್ತಾರೆ. ಕೊನೆಗೆ ಒಟ್ಟು ಎಷ್ಟಾಯಿತು ಎಂದು ಅಳೆದು, ಚೆನ್ನಾಗಿ ಕಲಕಿ, ಸ್ವಲ್ಪ ಭಾಗವನ್ನು ಫ್ರೀಜರ್‌ಗೆ ಹಾಕುತ್ತಾರೆ. ಮುಂದೆ ಕ್ರೊಮ್ಯಾಟೋಗ್ರಫಿ ಯಂತ್ರ ಎರಡೂ ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುತ್ತದೆ.

ಲೆಕ್ಕ ಹೀಗೆ

10 ಕಿಲೋ ಮಗು ಎಂದುಕೊಳ್ಳೋಣ. ಕುಡಿದದ್ದು 20 ಮಿಲಿಲೀಟರ್, ಅಂದರೆ 5,000 ಮಿಲಿಗ್ರಾಂ ಲ್ಯಾಕ್ಟುಲೋಸ್, 1,000 ಮಿಲಿಗ್ರಾಂ ಮ್ಯಾನಿಟಾಲ್. ಮೂತ್ರದಲ್ಲಿ 15 ಮಿಲಿಗ್ರಾಂ ಲ್ಯಾಕ್ಟುಲೋಸ್ ಸಿಕ್ಕಿತು: ಶೇ 0.3. ಮ್ಯಾನಿಟಾಲ್ 60 ಮಿಲಿಗ್ರಾಂ: ಶೇ 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.05. ಇದೇ ಅನುಪಾತ.

ಅದೇ ಮಗುವಿಗೆ 0.10 ಬಂತು ಎನ್ನಿ. ಲ್ಯಾಕ್ಟುಲೋಸ್ ಶೇ 0.6ಕ್ಕೆ ಏರಿದ್ದರೂ 0.10, ಮ್ಯಾನಿಟಾಲ್ ಶೇ 3ಕ್ಕೆ ಇಳಿದಿದ್ದರೂ 0.10. ಮೊದಲನೆಯದು ಸೋರಿಕೆ ಹೆಚ್ಚಿದ ಸೂಚನೆ, ಎರಡನೆಯದು ಹೀರುವ ಜಾಗ ಕಡಿಮೆಯಾದ ಸೂಚನೆ. ಗೋಧಿಯಂಥ ಧಾನ್ಯದ ಗ್ಲುಟೆನ್‌ನಿಂದ ಕರುಳಿನ ಒಳಪದರ ಹಾಳಾಗುವ ಸೀಲಿಯಾಕ್ ಕಾಯಿಲೆಯಲ್ಲಿ ಎರಡೂ ಒಟ್ಟಿಗೆ ಆಗಬಹುದು. ಆದರೆ ಆ ಕಾಯಿಲೆ ಇದೆ ಎಂದು ಹೇಳಲು ರಕ್ತ ಪರೀಕ್ಷೆ ಬೇಕು, ಎಷ್ಟೋ ಸಲ ಬಯಾಪ್ಸಿಯೂ (ಕರುಳಿನ ಒಳಪದರದ ಚೂರು ತೆಗೆದು ನೋಡುವುದು) ಬೇಕು. ಕಾರಣ ಏನೆಂದು ಈ ಪರೀಕ್ಷೆ ಹೇಳುವುದಿಲ್ಲ. ರಿಪೋರ್ಟಿನಲ್ಲಿ ಅನುಪಾತ ಒಂದೇ ಇದ್ದರೆ ಎರಡೂ ಸಕ್ಕರೆಗಳ ಶೇಕಡಾವಾರು, ಒಟ್ಟು ಮೂತ್ರದ ಪ್ರಮಾಣ, ಹಿಡಿದ ಸಮಯ ಇವಿಷ್ಟನ್ನೂ ಕೇಳಿ ಪಡೆದು ಮಕ್ಕಳ ಡಾಕ್ಟರಿಗೆ ತೋರಿಸಿ.