ಹಾಯಿದೋಣಿಯಲ್ಲಿ 18 ದಿನ ಸಂಸಾರ

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಸಮುದ್ರ ಅಂದ್ರೆ ನಮಗೆ ಘಾಟಿ ಇಳಿದ ಮೇಲೆ ಸಿಗುವ ಜಾಗ. ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ, ಪಣಂಬೂರಿನಲ್ಲಿ ಕಾಲು ನೆನೆಸಿ, ಸಂಜೆಗೆ ವಾಪಸ್. ಹಾಗಿದ್ದ ನಾವು ಕಳೆದ ದಸರಾ ರಜೆಯಲ್ಲಿ ಕೊಚ್ಚಿಯಲ್ಲಿ 18 ದಿನ ಒಂದು ಹಾಯಿದೋಣಿಯ ಮೇಲೇ ಇದ್ದೆವು. ನಾನು, ನಮ್ಮ ಮನೆಯವರು, 11 ವರ್ಷದ ಮಗಳು, 7 ವರ್ಷದ ಮಗ. ಅಡುಗೆ, ನಿದ್ದೆ, ಮಕ್ಕಳ ಹೋಂವರ್ಕ್ ಎಲ್ಲವೂ ಅದರಲ್ಲೇ.

ಅಲ್ಲಿಂದ ಬಂದ ಮೇಲೆ ತುಂಬಾ ಜನ ಕೇಳಿದ್ದಾರೆ. ಹೇಗೆ ಮಾಡಿದಿರಿ, ಮಕ್ಕಳು ಹೆದರಲಿಲ್ವಾ, ಸ್ನಾನ ಎಲ್ಲಿ? ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಮನೆಯವರು 15 ವರ್ಷ ನೌಕಾಪಡೆಯಲ್ಲಿ ಇದ್ದವರು. ಹಾಯಿ ಕಟ್ಟುವುದು, ಇಳಿಸುವುದು ಅವರಿಗೆ ಗೊತ್ತು. ಹಾಗೆ ಗೊತ್ತಿರುವವರು ಒಬ್ಬರಾದರೂ ಇಲ್ಲದೆ ಯಾರೂ ಈ ಕೆಲಸಕ್ಕೆ ಇಳಿಯಬೇಡಿ. ದೋಣಿ ಅವರ ಹಳೆಯ ಗೆಳೆಯರೊಬ್ಬರದು. 32 ಅಡಿ ಉದ್ದ, ಫೈಬರ್ ಮೈ, ಒಳಗೊಂದು ಸಣ್ಣ ಡೀಸೆಲ್ ಎಂಜಿನ್. ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದ ಮರೀನಾದಲ್ಲಿ ನಿಲ್ಲಿಸಿದ್ದರು. ಮರೀನಾ ಅಂದ್ರೆ ದೋಣಿಗಳಿಗೆ ಬಸ್‌ಸ್ಟ್ಯಾಂಡ್ ಇದ್ದ ಹಾಗೆ, ಕರೆಂಟು, ನೀರು ಸಿಗುತ್ತದೆ. ಅವರಿಗೆ ಊರಿಗೆ ಹೋಗುವುದಿತ್ತು. ಮುಚ್ಚಿ ಬಿಟ್ಟ ದೋಣಿ ಮುಚ್ಚಿ ಬಿಟ್ಟ ಮನೆಗಿಂತ ಬೇಗ ಕೆಡುತ್ತದೆ. "ನೀವು ಬಂದು ಇರಿ, ನನಗೂ ನಿಶ್ಚಿಂತೆ" ಅಂದರು. ಅಕ್ಟೋಬರ್‌ನಲ್ಲಿ ನಮ್ಮ ಅರೇಬಿಕಾ ಇನ್ನೂ ಹಣ್ಣಾಗಿರುವುದಿಲ್ಲ, ಕೊಯ್ಲು ಶುರುವಾಗಲು ಸಮಯ ಇರುತ್ತದೆ. ಒಪ್ಪಿಕೊಂಡೆವು.

ತಯಾರಿ ಮನೆಯಲ್ಲೇ ಶುರುವಾಯಿತು. ದೋಣಿಯ ನೀರಿನ ಟ್ಯಾಂಕು 200 ಲೀಟರ್. ಲಂಗರು ಹಾಕಿ ಹೊರಗೆ ನಿಂತಾಗ ನಾಲ್ಕು ಜನಕ್ಕೆ ಮೂರು ದಿನ ಅಷ್ಟರಲ್ಲೇ ಆಗಬೇಕು. ಅಂದರೆ ತಲೆಗೆ ದಿನಕ್ಕೆ 15 ಲೀಟರ್, ಸ್ವಲ್ಪ ಮೀಸಲು. ಹೊರಡುವ ಹತ್ತು ದಿನ ಮೊದಲು ಹಿತ್ತಲಲ್ಲಿ ಒಂದು ಡ್ರಮ್ ಇಟ್ಟೆವು. ಬಟ್ಟೆ ಒಗೆಯುವುದೊಂದು ಬಿಟ್ಟು ನಾವು ನಾಲ್ವರೂ ಅದರ ನೀರನ್ನೇ ಬಳಸಬೇಕು ಅಂತ ಮಾಡಿದೆ. ನಲ್ಲಿ ಮುಟ್ಟುವ ಹಾಗಿಲ್ಲ.

ಅತ್ತೆಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಹೊರಗೆ ಮಳೆ ಹುಯ್ತಾ ಇದೆ, ನೀವು ಒಳಗೆ ಬರ ತಂದ್ಕೊಂಡಿದ್ದೀರಲ್ಲೇ" ಅಂದರು. ಮೂರು ದಿನ ಬರಬೇಕಾದ ನೀರು ಎರಡನೇ ದಿನ ಬೆಳಿಗ್ಗೆಯೇ ಖಾಲಿಯಾಯಿತು. ಜಾಸ್ತಿ ನೀರು ಹೋಗುತ್ತಿದ್ದುದು ಸ್ನಾನಕ್ಕಲ್ಲ, ಪಾತ್ರೆಗೆ. ಜಿಡ್ಡಿನ ತಟ್ಟೆಯನ್ನು ಮೊದಲು ಹಳೆಯ ಪೇಪರಿನಲ್ಲಿ ಒರೆಸಿ, ಆಮೇಲೆ ಎರಡು ಬೋಗುಣಿ ಇಟ್ಟು, ಒಂದರಲ್ಲಿ ತಿಕ್ಕಿ ಇನ್ನೊಂದರಲ್ಲಿ ಅದ್ದಿ ತೆಗೆಯುವುದು ಕಲಿತೆ. ಅಕ್ಕಿ ತೊಳೆದ ನೀರು ಮೊದಲ ಬೋಗುಣಿಗೆ. ಹೊರಡುವ ಹೊತ್ತಿಗೆ ಲೆಕ್ಕ ಕೈಗೆ ಬಂದಿತ್ತು. ದೋಣಿ ಹತ್ತುವ ಮೊದಲು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಸಾಮಾನಿನ ವಿಷಯ. ಸೂಟ್‌ಕೇಸ್ ಬೇಡವೇ ಬೇಡ. ಮಡಚಿ ಒಳಗೆ ತುರುಕುವಂಥ ಬಟ್ಟೆ ಚೀಲಗಳೇ ಬೇಕು, ಯಾಕಂದ್ರೆ ದೋಣಿಯಲ್ಲಿ ಚೌಕದ ಮೂಲೆ ಅನ್ನುವುದೇ ಇಲ್ಲ. ರಟ್ಟಿನ ಡಬ್ಬವನ್ನು ಒಳಗೆ ತರಬಾರದು ಅಂತ ಗೆಳೆಯರು ಕಟ್ಟುನಿಟ್ಟಾಗಿ ಹೇಳಿದ್ದರು. ರಟ್ಟಿನ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಇರುತ್ತದೆ. ದೋಣಿಗೆ ಒಂದು ಸಲ ಜಿರಲೆ ಹೊಕ್ಕರೆ ಹೊರಗೆ ಹಾಕುವುದು ಕಷ್ಟ. ಊಟಕ್ಕೆ ಅವಲಕ್ಕಿ, ಹುರಿಹಿಟ್ಟು, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಅಕ್ಕಿ ಹಿಟ್ಟು. ಎರಡು ಬರ್ನರಿನ ಒಲೆ. ಕಡುಬು ಮಾಡಿದೆ, ಅಕ್ಕಿ ರೊಟ್ಟಿ ಮಾಡಿದೆ. ಕುಕ್ಕರ್ ಇದ್ದರೆ ನೀರೂ ಉಳಿಯುತ್ತದೆ, ಗ್ಯಾಸೂ ಉಳಿಯುತ್ತದೆ.

ಗ್ಯಾಸ್ ಬಗ್ಗೆ ಮಾತ್ರ ದಯವಿಟ್ಟು ಗಮನ ಕೊಟ್ಟು ಓದಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಡಿ ಬಾಗಿಲ ಸಂದಿಯಲ್ಲಿ ಅಷ್ಟಿಷ್ಟು ಆಚೆ ಹೋಗುತ್ತದೆ. ದೋಣಿ ಒಂದು ಪಾತ್ರೆ ಇದ್ದ ಹಾಗೆ. ಸೋರಿದ ಗ್ಯಾಸು ತಳದಲ್ಲಿ ನೀರಿನ ಹಾಗೆ ನಿಂತುಬಿಡುತ್ತದೆ. ಅದರ ಪಕ್ಕದಲ್ಲೇ ಬ್ಯಾಟರಿ, ಎಂಜಿನ್. ಒಂದು ಕಿಡಿ ಸಾಕು. ಹಾಗಾಗಿ ಒಲೆಯ ಗುಂಡಿ ತಿರುಗಿಸಿದರೆ ಸಾಲದು. ಪ್ರತಿ ಸಲ ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ಬಾಯಲ್ಲೇ ಮುಚ್ಚಬೇಕು. ಮಗಳಿಗೆ ಅದೇ ಕೆಲಸ ಕೊಟ್ಟಿದ್ದೆ. ಮುಚ್ಚಿ ಬಂದು "ಬಂದ್" ಅಂತ ಜೋರಾಗಿ ಹೇಳಬೇಕು. 18 ದಿನದಲ್ಲಿ ಒಂದು ದಿನವೂ ಅವಳು ಮರೆಯಲಿಲ್ಲ.

ತೇವದ ವಿಷಯದಲ್ಲಿ ಮಲೆನಾಡಿನವರು ಅನ್ನುವುದು ನಮ್ಮ ನೆರವಿಗೆ ಬಂತು. ಅಕ್ಟೋಬರ್‌ನಲ್ಲಿ ಅಲ್ಲಿ ಹಿಂಗಾರು, ಅವರು ತುಲಾವರ್ಷಂ ಅನ್ನುತ್ತಾರೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮೋಡ, ಗುಡುಗು, ಮಳೆ. ಹಾಸಿಗೆಯ ಕೆಳಗೆ ಗಾಳಿ ಆಡದಿದ್ದರೆ ಎರಡೇ ದಿನಕ್ಕೆ ಬೂಷ್ಟು. ನಮ್ಮೂರಿನ ಆಷಾಢ ಕಂಡವರಿಗೆ ಇದು ಹೊಸದಲ್ಲ. ದಿನಾ ಹತ್ತು ಗಂಟೆಗೆ ಹಾಸಿಗೆ ಎತ್ತಿ ನಿಲ್ಲಿಸುವುದು, ಎಲ್ಲ ಬಾಗಿಲು ತೆಗೆಯುವುದು, ಎರಡು ಗಂಟೆಗೆ ಎಲ್ಲ ಒಳಗೆ. ಒಂದು ದಿನ ಕೊಚ್ಚಿಯ ಹಳೆಯ ಪೇಟೆ ಮಟ್ಟಂಚೇರಿಯಲ್ಲಿ ಹೊತ್ತಾಗಿ, ಮೇಲಿನ ಕಿಂಡಿ ತೆರೆದೇ ಉಳಿದು, ಮಕ್ಕಳ ಹಾಸಿಗೆ ಪೂರಾ ನೆಂದಿತು. ಅವತ್ತು ರಾತ್ರಿ ನಾಲ್ವರೂ ಒಂದೇ ಮಗ್ಗುಲಲ್ಲಿ ಮಲಗಿದೆವು.

ನಾಲ್ಕೇ ದಿನಕ್ಕೆ ನಮ್ಮ ಕಾಫಿ ಪುಡಿ ಗಂಟು ಕಟ್ಟಿತು. ಡಬ್ಬಿ ಮುಚ್ಚೇ ಇತ್ತು. ಸಮುದ್ರದ ಗಾಳಿ ಹೇಗೋ ಒಳಗೆ ಹೋಗಿತ್ತು. ಅವತ್ತು ಮಕ್ಕಳಿಗೆ ಮಾನ್ಸೂನ್ಡ್ ಮಲಬಾರ್ ಕಾಫಿಯ ಕಥೆ ಹೇಳಿದೆ. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕಡೆಯ ಬೀಜ ಆಫ್ರಿಕಾ ಸುತ್ತಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಆಗುತ್ತಿತ್ತು. ಅಷ್ಟು ದಿನ ತೇವ ಕುಡಿದು ಬೀಜ ಊದಿ, ಬಣ್ಣ ಹಳದಿಗೆ ತಿರುಗಿ, ಹುಳಿ ಕಮ್ಮಿಯಾಗುತ್ತಿತ್ತು. ಅಲ್ಲಿನವರ ನಾಲಿಗೆಗೆ ಅದೇ ರುಚಿ ಅಂಟಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗು ಬಂತು, ಬೀಜ ಬೇಗ ತಲುಪತೊಡಗಿತು. ಆ ಹಳೆಯ ರುಚಿ ಹೋಯಿತು. ಆಮೇಲೆ ಕರಾವಳಿಯ ಗೋಡೌನುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ ಬೇಕೆಂದೇ ಹಾಗೆ ಮಾಡುವ ಪದ್ಧತಿ ಬಂತು. ಹುಟ್ಟಿದಾಗಿನಿಂದ ತೋಟದಲ್ಲೇ ಇದ್ದೇನೆ, ಈ ಕಥೆ ಎಷ್ಟೋ ಸಲ ಕೇಳಿದ್ದೇನೆ. ಆ ಗಂಟು ಕಟ್ಟಿದ ಪುಡಿಯನ್ನು ಚಮಚದಲ್ಲಿ ಒಡೆಯುವಾಗಲೇ ಅದು ನನಗೆ ಸರಿಯಾಗಿ ಅರ್ಥವಾದದ್ದು.

ಹೋಗುವಾಗ ಅತ್ತೆ ಒಂಟಿಕೊಪ್ಪಲ್ ಪಂಚಾಂಗ ಕೈಗಿಟ್ಟಿದ್ದರು. ಹಬ್ಬದ ತಿಥಿ ತಪ್ಪಬಾರದು ಅಂತ. ಅದು ಬೇರೆ ಕೆಲಸಕ್ಕೂ ಬಂತು. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರದ ದಿನಗಳಲ್ಲಿ ಉಬ್ಬರ ಇಳಿತ ಜೋರು, ಅಷ್ಟಮಿ ಹೊತ್ತಿಗೆ ಕಮ್ಮಿ. ಕೊಚ್ಚಿಯಲ್ಲಿ ನೀರು ಏರಿ ಇಳಿಯುವುದು ಹೆಚ್ಚೆಂದರೆ 1 ಮೀಟರಿನ ಆಸುಪಾಸು. ಕೇಳಲು ಸಣ್ಣದು. ಆದರೆ ನಮ್ಮ ದೋಣಿಯ ತಳಕ್ಕೆ ಒಂದೂವರೆ ಮೀಟರ್ ನೀರು ಬೇಕು, ಹಿನ್ನೀರಿನ ಒಳಗೆ ಎಲ್ಲೆಡೆ ಹೂಳು. ಗಂಟೆ ನಿಮಿಷಕ್ಕೆ ಉಬ್ಬರದ ಪಟ್ಟಿಯನ್ನೇ ನೋಡಬೇಕು, ಅದನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೆವು. ಆದರೆ ವಾರದ ಅಂದಾಜಿಗೆ ಪಂಚಾಂಗ ಸಾಕಾಗಿತ್ತು.

ಅದೇ ಇಳಿತ ಒಂದು ದಿನ ನಮ್ಮ ಜೀವ ಬಾಯಿಗೆ ತಂದಿತ್ತು. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ, ಹಗಲೇರಿದ ಮೇಲೆ ಸಮುದ್ರದ ಕಡೆಯಿಂದ. ಬೆಳಿಗ್ಗೆಯ ಗಾಳಿ ಹಿಡಿದು ಫೋರ್ಟ್ ಕೊಚ್ಚಿ ಮತ್ತು ವೈಪೀನ್ ನಡುವಿನ ಅಳಿವೆಯವರೆಗೆ ಹೋಗಿ ವಾಪಸ್ ಬರುತ್ತಿದ್ದೆವು. ಗಾಳಿ ಸತ್ತಿತ್ತು, ಹಾಯಿ ಇಳಿಸಿ ಎಂಜಿನ್ ಹಾಕಿದ್ದೆವು. ಎದುರಿಗೆ ಹಿನ್ನೀರಿನಿಂದ ಕೊಚ್ಚಿಕೊಂಡು ಬಂದ ಅಂತರಗಂಗೆ, ಒಂದು ಗದ್ದೆಯಷ್ಟು ಅಗಲ. ಬಳಸಿ ಹೋಗಲು ನೋಡಿದೆವು, ಅಂಚು ತಾಗಿತು. ಎರಡು ನಿಮಿಷಕ್ಕೆ ಎಂಜಿನ್ ಬಿಸಿಯಾದ ಅಲಾರಂ ಕೂಗಿತು.

ದೋಣಿಯ ಎಂಜಿನ್ ಕೆಳಗಿನಿಂದ ನೀರು ಎಳೆದು ತಣ್ಣಗಾಗಿ, ಆ ನೀರನ್ನು ಹೊಗೆಯ ಜೊತೆ ಹಿಂದೆ ಉಗುಳುತ್ತದೆ. ಹಿಂದೆ ನೋಡಿದರೆ ಬರೀ ಹೊಗೆ. ನೀರಿಲ್ಲ. ತೋಟದಲ್ಲಿ ಹಳ್ಳಕ್ಕೆ ಬಿಟ್ಟ ಪಂಪಿನ ಫುಟ್‌ವಾಲ್ವಿಗೆ ಎಲೆ ಕಟ್ಟಿಕೊಳ್ಳುತ್ತದಲ್ಲ, ಅದೇ. ಎಂಜಿನ್ ಬಂದ್ ಮಾಡಿದರು. ಮಾಡಿದ ಕ್ಷಣವೇ ಇಳಿತದ ನೀರು ನಮ್ಮನ್ನು ಸಮುದ್ರದ ಕಡೆಗೆ ಎಳೆಯಲು ಶುರು ಮಾಡಿತು. ಎದುರಿನಿಂದ ವೈಪೀನಿನ ಜಂಕಾರ್, ಅಂದರೆ ವಾಹನ ದಾಟಿಸುವ ದೊಡ್ಡ ದೋಣಿ, ಬರುತ್ತಿತ್ತು.

"ರೀ, ಲಂಗರು ಬಿಡ್ಲಾ?"

"ಇಲ್ಲಿ ಬೇಡ, ಹಡಗಿನ ದಾರಿ. ಮುಂದಿನ ಹಾಯಿ ಎಳಿ."

ಇದ್ದ ಚೂರು ಗಾಳಿಗೆ ಮುಂದಿನ ಹಾಯಿ ಬಿಚ್ಚಿ ದೋಣಿಯನ್ನು ಹಡಗಿನ ದಾರಿಯಿಂದ ಆಚೆ, ಅಂಚಿಗೆ ತಂದರು. 5 ಮೀಟರ್ ಆಳ. ಆಳದ ಐದು ಪಟ್ಟು ಸರಪಳಿ ಬಿಡಬೇಕು ಅನ್ನುವುದು ಲೆಕ್ಕ. 25 ಮೀಟರ್ ಬಿಟ್ಟೆ. ಕೊಚ್ಚಿಯ ಕೆಸರು ಕಪ್ಪಗೆ, ಅಂಟಂಟು. ಲಂಗರು ಕಚ್ಚಿತು. ಮಕ್ಕಳಿಬ್ಬರೂ ಲೈಫ್‌ಜಾಕೆಟ್ ಹಾಕಿ ಒಳಗೆ ಸದ್ದಿಲ್ಲದೆ ಕೂತಿದ್ದರು. ನಮ್ಮ ಮನೆಯವರು ನೀರು ಒಳಗೆ ಬರುವ ಕೆಳಗಿನ ವಾಲ್ವ್ ಮುಚ್ಚಿ, ನೀರು ಸೋಸುವ ಸ್ಟ್ರೈನರ್ ಬಿಚ್ಚಿ, ಹಿಡಿ ತುಂಬಾ ಬೇರು ತೆಗೆದರು. ವಾಲ್ವ್ ಮುಚ್ಚದೆ ಸ್ಟ್ರೈನರ್ ಬಿಚ್ಚಿದರೆ ದೋಣಿಯೊಳಗೆ ಸಮುದ್ರವೇ ಬರುತ್ತದೆ, ಇದು ನೆನಪಿರಲಿ. ಅಷ್ಟರಲ್ಲಿ ಮೀನಿನ ದೋಣಿಯಲ್ಲಿ ಒಬ್ಬರು ಹತ್ತಿರ ಬಂದು "ಚೇಚೀ, ಪ್ರಶ್ನಂ ಇಂಡೋ?" (ಅಕ್ಕಾ, ಏನಾದ್ರೂ ತೊಂದರೆ ಇದೆಯಾ?) ಅಂತ ಕೇಳಿದರು. ಎಂಜಿನ್ ಮತ್ತೆ ಶುರುವಾಗಿ ಹಿಂದೆ ನೀರು ಉಗುಳುವವರೆಗೂ ಅವರು ಪಕ್ಕದಲ್ಲೇ ನಿಂತಿದ್ದರು. ಭಾಷೆ ಅರ್ಧಂಬರ್ಧ. ಮಾಡಿದ ಉಪಕಾರ ಪೂರ್ತಿ. ಆಮೇಲಿಂದ ಮಗನ ಕೆಲಸ, ಎಂಜಿನ್ ಹಾಕಿದಾಗಲೆಲ್ಲ ಹಿಂದೆ ಬಗ್ಗಿ ನೋಡದೆ, ಕೂತಲ್ಲಿಂದಲೇ ನೀರಿನ ಸದ್ದು ಕೇಳಿ ಹೇಳುವುದು.

ಊರು ನೋಡುವುದಕ್ಕೆ ಬಂದದ್ದಲ್ವಾ, ಅದನ್ನೂ ಹೇಳಬೇಕು. ಕೊಚ್ಚಿಯ ಮುಖ ನೀರಿನ ಕಡೆಗಿದೆ. ರಸ್ತೆಯಿಂದ ಬಂದವರು ಅದರ ಬೆನ್ನು ನೋಡುತ್ತಾರೆ. ಮಟ್ಟಂಚೇರಿಯ ಬಜಾರ್ ರೋಡಿನಲ್ಲಿ ನಡೆದರೆ ಇಕ್ಕಟ್ಟು, ಲಾರಿ, ಗೋಣಿಚೀಲ. ಅದೇ ಗೋಡೌನುಗಳನ್ನು ನೀರಿನಿಂದ ನೋಡಿದರೆ ಮೆಟ್ಟಿಲು, ಕಟ್ಟೆ, ದೋಣಿಯಿಂದ ನೇರ ಮೂಟೆ ಇಳಿಸುವ ಬಾಗಿಲು. ಇಡೀ ಬಜಾರು ದೋಣಿಗಾಗಿ ಕಟ್ಟಿದ್ದು. ಗಾಳಿ ಆ ಕಡೆಯಿಂದ ಬಂದರೆ ಒಣಶುಂಠಿ, ಮೆಣಸಿನ ವಾಸನೆ ದೋಣಿಯ ತನಕ. ಬಳ್ಳಿಯಿಂದ ಮೆಣಸು ಬಿಡಿಸಿ, ಅಂಗಳದಲ್ಲಿ ಒಣಗಿಸಿ ಮಾರುವವರು ನಾವು. ಆ ಮೂಟೆಗಳು ಕಡಲು ದಾಟಿದ ಕಟ್ಟೆಯನ್ನು ನೋಡಿ ನನಗೆ ಮೈ ಜುಮ್ಮೆಂದಿತು.

ದೂರದ ಓಡಾಟಕ್ಕೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಹಿಡಿಯುತ್ತಿದ್ದೆವು. 2023ರಲ್ಲಿ ಶುರುವಾದದ್ದು, ಬ್ಯಾಟರಿ ದೋಣಿ, ಸದ್ದೇ ಇಲ್ಲ. ಮಕ್ಕಳಿಗೆ ಅದರ ಎಸಿ ಇಷ್ಟ, ನನಗೆ ಸರ್ಕಾರಿ ಹಳೆಯ ದೋಣಿಯೇ ಇಷ್ಟ. 1568ರ ಯಹೂದಿ ಸಿನಗಾಗ್‌ನ ನೀಲಿ ಚೀನಾ ಟೈಲ್ಸ್ ನೋಡಿದೆವು. 1524ರಲ್ಲಿ ಇಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚ್ ನೋಡಿದೆವು. ಮಕ್ಕಳು ಜಾಸ್ತಿ ಹೊತ್ತು ನಿಂತದ್ದು ಚೀನಾ ಬಲೆಯ ಹತ್ತಿರ. ಏತದ ಹಾಗೆಯೇ ಅದು. ಒಂದು ಕಡೆ ಬಲೆ, ಇನ್ನೊಂದು ಕಡೆ ಹಗ್ಗಕ್ಕೆ ಕಟ್ಟಿದ ಕಲ್ಲುಗಳ ತೂಕ. ನಾಲ್ಕೈದು ಜನ ಸೇರಿ ಎಳೆದರೆ ಅಷ್ಟು ದೊಡ್ಡ ಮರದ ಚೌಕಟ್ಟು ಎದ್ದು ನಿಲ್ಲುತ್ತದೆ. ವಿಲಿಂಗ್ಡನ್ ದ್ವೀಪ ಬಂದರಿಗಾಗಿ ಎತ್ತಿದ ಹೂಳಿನಿಂದಲೇ ಆದದ್ದು ಅಂತ ಅವರಪ್ಪ ಹೇಳಿದಾಗ, ಮಗ ನಮ್ಮ ಲಂಗರಿನ ಕೆಸರು ತೋರಿಸಿ "ಇದರಿಂದ್ಲಾ?" ಅಂದ. ಹೌದು, ಇದರಿಂದಲೇ.

ಮುಂದೆ ಹೋಗುವವರಿಗೆ ನನ್ನ ಸಲಹೆ ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಳೆ ಕಮ್ಮಿ, ಗುಡುಗೂ ಕಮ್ಮಿ. ಅಕ್ಟೋಬರ್‌ನಲ್ಲಿ ಸುತ್ತಲೂ ಬರೀ ನೀರು, ನಡುವೆ ನಮ್ಮದೊಂದೇ ಎತ್ತರದ ಕಂಬ, ಮೇಲೆ ಮಿಂಚು. ಆ ಸಂಜೆಗಳು ನನಗೆ ಇಷ್ಟವಾಗಲಿಲ್ಲ. ನಮಗೆ ಕೊಯ್ಲಿನ ಕಾಲ ಅಡ್ಡ ಬರುತ್ತದೆ, ಹಾಗಾಗಿ ದಸರಾವೇ ಗತಿ. ಸೊಳ್ಳೆ ಪರದೆ ಮರೆಯಬೇಡಿ. ಮಕ್ಕಳು ಡೆಕ್ಕಿಗೆ ಕಾಲಿಟ್ಟರೆ ಲೈಫ್‌ಜಾಕೆಟ್, ದೋಣಿ ಕಟ್ಟಿ ನಿಂತಿದ್ದರೂ ಸರಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ.

ವಾಪಸ್ ಬಂದ ಮೇಲೆ ಎರಡು ದಿನ ನಮ್ಮ ಮನೆಯೇ ತೂಗಿದ ಹಾಗಿತ್ತು. ಅತ್ತೆ ಎಲ್ಲವನ್ನೂ ಎರಡೆರಡು ಸಲ ಹೇಳಿಸಿ ಕೇಳಿದರು. ಈ ದಸರಾಕ್ಕೆ ತಾವೂ ಬರುತ್ತಾರಂತೆ. ದೋಣಿಯ ಒಳಗೆ ಇಳಿಯಲು ಐದು ಮೆಟ್ಟಿಲಿನ ಕಡಿದಾದ ಏಣಿ ಇದೆ, ಅವರ ಮೊಣಕಾಲು ಅಷ್ಟಕ್ಕಷ್ಟೇ. ಅದಕ್ಕೆ ಈಗ ದಿನಾ ಬೆಳಿಗ್ಗೆ ನಮ್ಮ ಅಟ್ಟದ ಏಣಿಯಲ್ಲಿ ಐದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಾಳೆ.